ನನಗೆ ತಿಳಿಯದೆ ಎಂದು ಪ್ರಾರ್ಥಿಸಿದೆ

ನನ್ನ ಗಂಡ ಜಯಕರರನ್ನು ಕೊರಗಜ್ಜ ದೈವದ ಕಟ್ಟೆಗೆ ಕಳುಹಿಸಿದವಳು ನಾನು. ಅಲ್ಲಿಗೆ ಹೋದದ್ದು ಮಹಾಪಾಪವೆಂದು ನಿಮ್ಮ ಮುಂದೆ ಅತ್ತು ಹೇಳಿದವಳೂ ನಾನೇ. ಎರಡನೆಯದು ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲನೆಯದು ಗೊತ್ತಿದ್ದದ್ದು ಜಯಕರ ಒಬ್ಬರಿಗೆ. ಅವರನ್ನು ಈ ಮಳೆಗಾಲಕ್ಕೆ ಮೊದಲು ಮಣ್ಣು ಮಾಡಿ ಬಂದಿದ್ದೇವೆ.

ವಿಮಲಕ್ಕ, ಸ್ತ್ರೀಯರ ಕೂಟದ ಪರವಾಗಿ ನೀವು ಜೆಪ್ಪುವಿನ ನನ್ನ ಮನೆಗೆ ಬಂದು ಕೇಳಿದ್ದು ಇಂಥ ಬರಹವನ್ನಲ್ಲ. ಕ್ರೈಸ್ತಳಾಗಿ ಪರಿಶುದ್ಧ ಜೀವನ ನಡೆಸುವುದು ಹೇಗೆ ಎಂದು ಸಭೆಯ ಪತ್ರಿಕೆಗೆ ಎರಡು ಪುಟ ಬರೆದುಕೊಡಿ ಎಂದಿರಿ. "ಸುಶೀಲಕ್ಕ, ನೀವೇ ಬರೀಬೇಕು. ಅಂಥ ಗಂಡನನ್ನು ಇಟ್ಟುಕೊಂಡೂ ನೀವು ವಿಶ್ವಾಸದಲ್ಲಿ ಹೇಗೆ ನಿಂತಿರಿ ಅಂತ ನಮ್ಮ ಹುಡುಗಿಯರಿಗೆ ಗೊತ್ತಾಗ್ಲಿ" ಎಂದಿರಿ. ಜಯಕರರ ಫೋಟೋ ನಿಮ್ಮ ತಲೆಯ ಮೇಲೆಯೇ ಇತ್ತು. ಅದರ ಕೆಳಗೆ ಕೂತು, ನಾನು ಕೊಟ್ಟ ಚಹಾ ಕುಡಿಯುತ್ತಾ ಹೇಳಿದಿರಿ. ಅಂಥ ಗಂಡ —

ಆಗಲಿ. ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ನಿಮ್ಮ ಪರಿಶುದ್ಧತೆಗೆ ಬಿಟ್ಟದ್ದು.

ಹೊಸಬರಿಗಾಗಿ ಮೊದಲು ಜಯಕರ ಯಾರು ಎಂದು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಅರ್ಧ ಜನ ಅವರನ್ನು ನೋಡಿದ್ದೇ ಚರ್ಚಿನ ಹೊರಗೆ, ಬಾದಾಮಿ ಮರದ ಕೆಳಗೆ ಸ್ಕೂಟರಿನ ಮೇಲೆ ಕೂತವರಾಗಿ. ಅವರು ಬಲ್ಮಠದ ಬಳಿ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರು. ಹದಿಹರೆಯದಿಂದ ನಮ್ಮ ಚರ್ಚಿನ ಕ್ವಾಯರಿನಲ್ಲಿ ಬಾಸ್, ಎಲ್ಲಕ್ಕೂ ತಗ್ಗಿನ ಸ್ವರ, ಹಾಡುತ್ತಿದ್ದರು. ನಾನು ಅವರನ್ನು ಮದುವೆಯಾದದ್ದು ಆ ಸ್ವರಕ್ಕಾಗಿಯೇ ಎಂದರೆ ನಗಬೇಡಿ. ನೆಲದಡಿಯಿಂದ ಬಂದ ಹಾಗೆ ಬರುತ್ತಿತ್ತು ಅದು. ಬೆಂಚಿನ ಮರಕ್ಕೆ ಕೈಯಿಟ್ಟರೆ ಬೆರಳಿಗೆ ತಿಳಿಯುತ್ತಿತ್ತು. ನಾನು ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು. ನಮಗೆ ಒಬ್ಬಳೇ ಮಗಳು, ಶಾಲಿನಿ.

ಅವಳು ಒಂದನೆಯ ತರಗತಿಯಲ್ಲಿದ್ದಾಗ ಮೆದುಳು ಜ್ವರ ಬಂತು. ಆ ಕತೆ ನಿಮಗೆ ಗೊತ್ತು — ನನ್ನ ಬಾಯಿಂದಲೇ ಎಷ್ಟು ಸಲ ಕೇಳಿಲ್ಲ! ಪಡುಬಿದ್ರಿಯವರೆಗೂ ಹೋಗಿ ಸಾಕ್ಷಿ ಹೇಳಿದ್ದೇನೆ. ತಾಯಿ ಉಪವಾಸ ಮಾಡಿದಳು, ಮೊಣಕಾಲಿನ ಮೇಲೆ ಬಿದ್ದಳು, ವೈದ್ಯರು ಕೈಬಿಟ್ಟ ಮಗು ಕಣ್ಣು ತೆರೆದು ಗಂಜಿ ಕೇಳಿತು. ಅದರಲ್ಲಿ ಸುಳ್ಳಿಲ್ಲ. ಉಪವಾಸ ಮಾಡಿದ್ದೆ, ಮೊಣಕಾಲು ಊರಿದ್ದೆ, ಮಗು ಗಂಜಿ ಕೇಳಿದ್ದೂ ನಿಜ. ಸುಳ್ಳು ಇದ್ದದ್ದು ನಾನು ಹೇಳದೆ ಬಿಟ್ಟ ಒಂದು ಮಧ್ಯಾಹ್ನದಲ್ಲಿ.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ವೈದ್ಯರು ನಮ್ಮಿಬ್ಬರನ್ನು ಹೊರಗೆ ಕರೆದು, ಮದ್ದು ಕೊಡುತ್ತಿದ್ದೇವೆ, ಆದರೆ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಜಯಕರರ ಜೊತೆ ಬೈಂಡಿಂಗ್ ವಿಭಾಗದಲ್ಲಿದ್ದ ಉಮೇಶಣ್ಣ ಅಲ್ಲೇ ವರಾಂಡದಲ್ಲಿ ನಿಂತಿದ್ದರು. ಬಿಲ್ಲವರು, ನಮ್ಮ ಮನೆಯ ಕ್ರಿಸ್ಮಸ್ ತಿಂಡಿ ಅವರ ಮನೆಗೆ, ಅವರ ಮನೆಯ ಚೌತಿಯ ತಿಂಡಿ ನಮ್ಮ ಮನೆಗೆ. ಅವರು ಜಯಕರರ ಹೆಗಲ ಮೇಲೆ ಕೈಯಿಟ್ಟು, "ಅಜ್ಜನಿಗೆ ಒಂದು ಹೇಳಿಕೊಳ್ಳುವಾ ಮಾರಾಯ. ಅಜ್ಜ ಜಾತಿ ಕೇಳುವುದಿಲ್ಲ. ಒಂದು ಚಕ್ಕುಲಿ, ಒಂದು ವೀಳ್ಯ, ಒಂದು ಕ್ವಾರ್ಟರ್, ಅಷ್ಟೇ" ಎಂದರು. ಈ ಊರಿನಲ್ಲಿ ಬೀಗದ ಕೈ ಕಳೆದರೂ ಜನ ಕೊರಗಜ್ಜನನ್ನು ನೆನೆಯುತ್ತಾರೆ. ಜಯಕರ ತಲೆಯಲ್ಲಾಡಿಸಿದರು. "ಇಲ್ಲ ಉಮೇಶ, ನಮ್ಮಲ್ಲಿ ಹಾಗೆಲ್ಲ ಇಲ್ಲ" ಎಂದರು. ಮೆತ್ತಗೆ ಹೇಳಿದರು, ಆದರೆ ಸ್ಪಷ್ಟವಾಗಿ. ಅವರು ಹೋಗಲು ಒಪ್ಪಿರಲಿಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ.

ಉಮೇಶಣ್ಣ ಚಹಾಕ್ಕೆಂದು ಕೆಳಗಿಳಿದ ಮೇಲೆ ನಾನು ಗಂಡನನ್ನು ಮೆಟ್ಟಿಲಿನ ತಿರುವಿಗೆ ಎಳೆದುಕೊಂಡು ಹೋದೆ. ನಮ್ಮ ಮನೆಮಾತು ತುಳು; ಅಂದು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅವರು ಹೇಳಿದಲ್ಲಿಗೆ ಹೋಗಿ ಬನ್ನಿ" ಎಂದೆ.

"ಎಂತ ಹೇಳ್ತಿದ್ದೀ ಸುಶೀಲಾ?"

"ಹೋಗಿ ಬನ್ನಿ. ಆದರೆ ನನ್ನ ಹತ್ತಿರ ಹೇಳ್ಬೇಡಿ. ನನಗೆ ಗೊತ್ತಿಲ್ಲ ಅಂತ ಇರ್ಲಿ."

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ವಾರ್ಡಿಗೆ ಹೋಗಿ ಬೈಬಲ್ ತೆರೆದು ಕೂತೆ. ಸಂಜೆ ಅವರು ಬಂದರು; ಕಾಲಿನ ಬೆರಳುಗಳ ಸಂದಿಯಲ್ಲಿ ಕೆಂಪು ಮಣ್ಣು. ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು. ನಾನು ಪುಟ ಮಗುಚಿದೆ. ಹೇಳಬೇಡಿ ಎಂದಿದ್ದೆನಲ್ಲ — ಅವರು ಹೇಳಲಿಲ್ಲ.

ಶಾಲಿನಿಯನ್ನು ಉಳಿಸಿದ್ದು ಯಾರು ಎಂದು ನನ್ನನ್ನು ಕೇಳಬೇಡಿ. ಮದ್ದು ಇತ್ತು, ನನ್ನ ದೇವರು ಇದ್ದನು. ಇದನ್ನು ಓದಿ, ಸುಶೀಲ ವಿಗ್ರಹಾರಾಧನೆ ಒಪ್ಪಿಕೊಂಡಳು ಎಂದು ಚರ್ಚಿನ ಗೇಟಿನಲ್ಲಿ ನೀವು ಮಾತಾಡಿಕೊಳ್ಳುತ್ತೀರಿ, ನನಗೆ ಗೊತ್ತು. ಆ ಗೇಟಿನಲ್ಲಿ ನಾನೂ ನಿಂತವಳು. ನಾನು ಒಪ್ಪಿಕೊಳ್ಳುತ್ತಿರುವುದು ಅದನ್ನಲ್ಲ. ಮಗು ಸಾಯುತ್ತದೆಂದು ಹೆದರಿದ ತಾಯಿ ಎಲ್ಲಿಗಾದರೂ ಹೋಗಿ ಎಂದಳು — ಅಷ್ಟೇ ಆಗಿದ್ದರೆ ನಾನು ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಮಗು ಮನೆಗೆ ಬಂದ ಮೇಲೆ ನಾನು ಪರಿಶುದ್ಧಳಾದೆ.

ಪರಿಶುದ್ಧ ಜೀವನ ಹೇಗೆಂದು ಕೇಳಿದಿರಲ್ಲ, ಕೇಳಿಸಿಕೊಳ್ಳಿ. ಬಳೆ ತೆಗೆದೆ. ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ. ಬೆಳಿಗ್ಗೆ ಬಾಗಿಲಿಗೆ ಬರುತ್ತಿದ್ದ ಹೂವಿನವಳಿಗೆ ಇನ್ನು ಈ ಕಡೆ ಬರಬೇಡ ಎಂದೆ. ಟಿ.ವಿ.ಗೆ ಬಟ್ಟೆ ಹೊದಿಸಿದೆ. ಚೌತಿಗೆ ಉಮೇಶಣ್ಣನ ಹೆಂಡತಿ ಗಿರಿಜ ಬಾಳೆಎಲೆ ಮುಚ್ಚಿ ತಂದುಕೊಟ್ಟ ಪಂಚಕಜ್ಜಾಯ, ಉಂಡೆಗಳನ್ನು ಅವಳು ಗೇಟು ದಾಟುವ ಮೊದಲೇ ಕಸದ ಬುಟ್ಟಿಗೆ ಸುರಿದೆ. ಅವಳು ತಿರುಗಿ ನೋಡಿದಳು. ನೋಡಲಿ ಎಂದೇ ಸುರಿದದ್ದು. ನಮ್ಮಲ್ಲಿ ತಿಂಡಿ ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನು ಆ ತಟ್ಟೆಯನ್ನು ತೊಳೆದು, ಒರಸಿ, ಖಾಲಿ ಕೊಟ್ಟೆ. ಅವಳು ಮತ್ತೆ ಬರಲಿಲ್ಲ. ಇದನ್ನೂ ಒಂದು ಸಾಕ್ಷಿಯಾಗಿ ಕೂಟದಲ್ಲಿ ಹೇಳಿದೆ. ನೀವೆಲ್ಲ ಸ್ತೋತ್ರ ಎಂದಿರಿ.

ಯಾಕೆ ಹಾಗೆ ಮಾಡಿದೆ? ಆ ಮೆಟ್ಟಿಲಿನ ತಿರುವನ್ನು ತೊಳೆಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಗ — ನಿಜ ಹೇಳುತ್ತೇನೆ — ರುಚಿ ಹತ್ತಿತ್ತು. ಹತ್ತನೆಯ ತರಗತಿಯ ದರ್ಜಿ ಹೆಂಗಸು ಎದ್ದು ನಿಂತರೆ ಕಾಲೇಜಿನ ಮೇಷ್ಟ್ರುಗಳು ಸಹ ತಲೆಬಾಗಿಸಿ ಕೇಳುತ್ತಿದ್ದರು. ಸಾಕ್ಷಿ ಹೇಳುವಾಗ ಎಲ್ಲಿ ನಿಲ್ಲಿಸಿದರೆ ಯಾರು ಅಳುತ್ತಾರೆ ಎಂದು ನನಗೆ ಗೊತ್ತಾಗಿತ್ತು. ಶಾಲಿನಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಜಯಕರ ಹಿಂದಿನ ಬೆಂಚಿನಲ್ಲಿ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಶಾಲಿನಿ ಹೈಸ್ಕೂಲಿಗೆ ಬಂದ ವರ್ಷ ಸಭೆಯವರು ಜಯಕರರನ್ನು ಸಭೆ ನಡೆಸುವ ಹಿರಿಯರ ಸ್ಥಾನಕ್ಕೆ ಆರಿಸಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಅನ್ನವನ್ನು ಕೈಯಲ್ಲಿ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

"ಸುಶೀಲಾ, ಅದನ್ನು ಹೇಳದೆ ಆ ಕುರ್ಚಿಯಲ್ಲಿ ಕೂತರೆ ಸುಳ್ಳಾಗ್ತದೆ. ನಾನು ಅಯ್ಯನವರ ಹತ್ತಿರ ಹೇಳ್ತೇನೆ" ಎಂದರು. ಅಯ್ಯನವರು ಎಂದರೆ ನಮ್ಮ ಸಭಾಪಾಲಕರು.

"ಯಾವುದನ್ನು?" ಎಂದೆ ನಾನು. ಅಷ್ಟು ವರ್ಷಗಳಲ್ಲಿ ನನಗೆ ನಿಜವಾಗಿಯೂ ಗೊತ್ತಿಲ್ಲದಂತೆಯೇ ಆಗಿಹೋಗಿತ್ತೇನೋ.

ಅವರು ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ಬಿಟ್ಟು, "ನಿನ್ನ ಹೆಸರು ಬರುವುದಿಲ್ಲ. ನಾನು ಹೋದದ್ದು, ನಾನು ಹೇಳ್ತೇನೆ" ಎಂದರು.

ಆ ಮನುಷ್ಯ ಮಾತು ಕೊಟ್ಟರೆ ಕೊಟ್ಟ ಹಾಗೆ. ಅವರನ್ನು ನಂಬಿ ಸುಮ್ಮನೆ ಇದ್ದಿದ್ದರೂ ಸಾಕಿತ್ತು. ಅಯ್ಯನವರ ಕೋಣೆಯಲ್ಲಿ ಇಬ್ಬರು ಗಂಡಸರ ನಡುವೆ ಮಾತಾಗಿ, ಒಂದು ಪ್ರಾರ್ಥನೆಯಾಗಿ, ಮುಗಿದುಹೋಗುತ್ತಿತ್ತು. ಆದರೆ ನನಗೆ ಹೆದರಿಕೆಯಾಯಿತು. ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದರೆ? ಮಗು ಗುಣವಾದದ್ದು ಯಾವ ಹರಕೆಯಿಂದ ಎಂದರೆ? ನನ್ನ ಸಾಕ್ಷಿ — ನನ್ನದು, ಪಡುಬಿದ್ರಿಯವರೆಗೆ ಹೋದದ್ದು — ಅದರ ಗತಿ ಏನು? ಅವರು ಹೇಳುವ ಮೊದಲು ನಾನೇ ಹೇಳಬೇಕು ಎಂದು ನಿರ್ಧರಿಸಿದೆ. ನನಗೆ ಬೇಕಾದ ಹಾಗೆ ಹೇಳಬೇಕು.

ಆ ವಾರದ ಮನೆ ಪ್ರಾರ್ಥನೆ ನಮ್ಮಲ್ಲೇ ಇತ್ತು. ವಿಮಲಕ್ಕ, ನೀವು ಕಿಟಕಿಯ ಬಳಿ ಕೂತಿದ್ದಿರಿ. ಅಯ್ಯನವರು, ಹಿರಿಯರು, ಕ್ವಾಯರಿನ ಕೆಲವರು. ಚಾಪೆ ಸಾಲದೆ ಮಕ್ಕಳು ಅಡುಗೆಮನೆಯ ಹೊಸ್ತಿಲಿನವರೆಗೆ ಕೂತಿದ್ದರು. ಶಾಲಿನಿ ಅವರ ನಡುವೆ. ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುತ್ತ ಸರದಿ ನನ್ನ ಹತ್ತಿರ ಬಂತು. ಎಲ್ಲರ ಕಣ್ಣೂ ಮುಚ್ಚಿತ್ತು. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ದೇವರ ಜೊತೆ ಮಾತಾಡುವವಳಿಗೆ "ನಿಲ್ಲು, ಅದು ಹಾಗಲ್ಲ" ಎಂದು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಅದು ನನಗೆ ಗೊತ್ತಿತ್ತು. ಅದಕ್ಕೇ ಆ ಹೊತ್ತನ್ನು ಆರಿಸಿದೆ.

"ಸ್ವಾಮೀ, ಈ ಮನೆಯ ಯಜಮಾನನು ನಿನ್ನನ್ನು ಬಿಟ್ಟು ಅನ್ಯರ ಕಟ್ಟೆಯ ಮುಂದೆ ಕೈಮುಗಿದಿದ್ದಾನೆ. ನನ್ನ ಮಗುವಿಗಾಗಿ ನಾನು ನಿನ್ನ ಪಾದದಲ್ಲಿ ಅಳುತ್ತಿರುವಾಗ, ನನಗೆ ತಿಳಿಯದೆ ಹೋಗಿ ಹರಕೆ ಹೊತ್ತಿದ್ದಾನೆ. ಅವನ ಕಣ್ಣು ತೆರೆ. ಅವನನ್ನು ಕ್ಷಮಿಸು."

ನಿಮ್ಮಲ್ಲಿ ಅನೇಕರಿಗೆ ಈ ಮಾತುಗಳು ನೆನಪಿರಬಹುದು. ನನಗೆ ತಿಳಿಯದೆ — ಆ ಎರಡು ಮಾತುಗಳ ಒಳಗೆ ನನ್ನ ಇಡೀ ಪರಿಶುದ್ಧ ಜೀವನ ಕೂತಿದೆ. ಗಂಡನನ್ನು ನಾನು ಯಾವತ್ತೂ ಏಕವಚನದಲ್ಲಿ ಕರೆದವಳಲ್ಲ. ಅಂದು ದೇವರ ಮುಂದೆ ಅವನು, ಅವನು ಎಂದೆ. ತುಳುವಿನಲ್ಲಿ ಜಗಳವಾಡಿದ್ದರೆ ಅವರು ತುಳುವಿನಲ್ಲಿ ಉತ್ತರ ಕೊಡುತ್ತಿದ್ದರೋ ಏನೋ. ನಾನು ಚರ್ಚಿನ ಪೀಠದ ಕನ್ನಡದಲ್ಲಿ ಹೊಡೆದೆ. ಪ್ರಾರ್ಥನೆಯ ನಡುವೆ ಒಮ್ಮೆ ಕಣ್ಣು ತೆರೆದು ನೋಡಿದೆ, ಹೌದು, ನೋಡಿದೆ. ಅವರ ಕಣ್ಣು ಮುಚ್ಚಿಯೇ ಇತ್ತು. ಹಣೆಯ ಮೇಲೆ ಒಂದು ನರ ಎದ್ದಿತ್ತು. ನಾನು ಮುಗಿಸಿದಾಗ ಯಾರ ಬಾಯಿಂದಲೂ ಆಮೆನ್ ಹೊರಡಲಿಲ್ಲ.

ಮೊದಲು ಕೇಳಿಸಿದ್ದು ಅವರದು. ಆ ತಗ್ಗಿನ ಸ್ವರದಲ್ಲಿ, "ಆಮೆನ್."

ಮರುದಿನವೇ ಹಿರಿಯರು ಇಬ್ಬರು ಮನೆಗೆ ಬಂದರು. ಕರ್ತನ ಭೋಜನದ ಭಾನುವಾರ ಪೀಠದ ಕೆಳಗೆ ನಿಂತು ಸಭೆಯಲ್ಲಿ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ಆ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ, ಕ್ವಾಯರ್ ಇಲ್ಲ, ಹಿರಿಯರ ಸ್ಥಾನವಂತೂ ಇಲ್ಲ ಎಂದರು.

ಜಯಕರ ಕೇಳಿಸಿಕೊಂಡರು. "ದೇವರ ಹತ್ತಿರ ಕೇಳಿ ಆಗಿದೆ. ಮಗಳಿಗಾಗಿ ಹೋದದ್ದಕ್ಕೆ ನಿಮ್ಮ ಹತ್ತಿರ ಕೇಳ್ಲಿಕ್ಕೆ ನನ್ನಲ್ಲಿ ಎಂತದೂ ಇಲ್ಲ" ಎಂದರು.

"ಹಾಗಲ್ಲ ಜಯಕರಣ್ಣ, ನೀವು ನಿಮ್ಮಷ್ಟಕ್ಕೆ ಹೋದದ್ದಾ? ಯಾರಾದ್ರೂ ಹೋಗಿ ಅಂತ ಹೇಳಿದ್ದು ಉಂಟಾ?" ಅವರಲ್ಲಿ ಒಬ್ಬರು ಕೇಳಿದರು. ಆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಉಮೇಶಣ್ಣನ ಮೇಲೆ ತಪ್ಪು ಹೊರಿಸಿ ಇವರನ್ನು ಬಿಡಿಸುವ ದಾರಿ ಹುಡುಕುತ್ತಿದ್ದರು.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಿನಲ್ಲಿ ನಿಂತಿದ್ದೆ. ಜಯಕರ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಂದ ಹಿರಿಯರಿಗೆ ಗೊತ್ತಾಗಿಬಿಡುತ್ತಿತ್ತೆಂದು ತಿರುಗಲಿಲ್ಲ.

"ಯಾರೂ ಹೇಳ್ಲಿಲ್ಲ. ನಾನೇ ಹೋದದ್ದು" ಎಂದರು.

ನಾನು ಚಹಾ ಕೊಟ್ಟೆ. ಸಕ್ಕರೆ ಸಾಕೇ ಎಂದು ಕೇಳಿದೆ.

ಆಮೇಲಿನದು ನಿಮಗೆ ಗೊತ್ತಿದೆ, ಅಥವಾ ಗೊತ್ತಿದೆ ಎಂದುಕೊಂಡಿದ್ದೀರಿ. ಅವರು ಪೀಠದ ಕೆಳಗೆ ನಿಲ್ಲಲಿಲ್ಲ. ಚರ್ಚಿನ ಒಳಗೂ ಕಾಲಿಡಲಿಲ್ಲ. ಆದರೆ ಪ್ರತಿ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದು, ಇಳಿಸಿ, ಆ ಬಾದಾಮಿ ಮರದ ಕೆಳಗೆ ಕಾಯುತ್ತಿದ್ದರು. ಮನೆಗೆ ಹೋಗಿ ಮತ್ತೆ ಬರಬಹುದಿತ್ತು. ಹೋಗುತ್ತಿರಲಿಲ್ಲ. ಒಳಗಿನಿಂದ ನಾವು ಹೊರಟು ಬರುವಾಗ ನಿಮ್ಮಲ್ಲಿ ಕೆಲವರು ಅವರ ಕಡೆ ನೋಡದೆ ಆ ಕಡೆಯಿಂದ ದಾಟಿ ಹೋಗುತ್ತಿದ್ದಿರಿ. ಅವರಿಗೆ ಅದು ತಿಳಿಯುತ್ತಿರಲಿಲ್ಲ ಎಂದುಕೊಂಡಿರಾ? ನಾನು ಬಳಿ ಹೋದರೆ ಹೆಲ್ಮೆಟ್ ತಲೆಗೇರಿಸಿಕೊಳ್ಳುತ್ತಾ, "ಎಂತ, ಇವತ್ತಿಗೆ ಸಾಕಷ್ಟು ಪವಿತ್ರ ಆಯ್ತಾ? ಹಾಗಾದ್ರೆ ಬೂತಾಯಿ ತಗೊಂಡು ಹೋಗುವಾ, ಮಧ್ಯಾಹ್ನ ಆದ್ರೆ ಒಳ್ಳೆದು ಸಿಗ್ಲಿಕ್ಕಿಲ್ಲ" ಎನ್ನುತ್ತಿದ್ದರು. ಆ ತಮಾಷೆಗೆ ನಾನು ಒಂದು ಸಲವೂ ನಗಲಿಲ್ಲ. ಮೀನಿನ ಚೀಲ ಹಿಡಿದು, ಮುಖ ಬಿಗಿದು, ಹಿಂದೆ ಕೂರುತ್ತಿದ್ದೆ.

ಮನೆಯಲ್ಲಿ ಸಂಜೆಯ ಪ್ರಾರ್ಥನೆಯಲ್ಲಿ ಅವರ ಹೆಸರು ತಪ್ಪುತ್ತಿರಲಿಲ್ಲ. ಕಠಿಣ ಹೃದಯ, ದಾರಿ ತಪ್ಪಿದ ಕುರಿ — ಪ್ರತಿ ದಿನ ಒಂದೊಂದು ಕಲ್ಲು. ಅವರು ಎದುರಿಗೆ ಕೂತು ಕೇಳಿ ಆಮೆನ್ ಎನ್ನುತ್ತಿದ್ದರು. ಶಾಲಿನಿ ಆ ಪ್ರಾರ್ಥನೆಗಳನ್ನು ಕೇಳಿ ಬೆಳೆದಳು. ಅಮ್ಮ ಉಪವಾಸವಿದ್ದು ತನ್ನನ್ನು ಉಳಿಸಿಕೊಂಡಳು, ಅಪ್ಪ ಅದೇ ಹೊತ್ತಿಗೆ ದೇವರಿಗೆ ಮೋಸ ಮಾಡಿದರು — ಅವಳಿಗೆ ಕೊಟ್ಟ ಕತೆ ಅದು. ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ಯಾವುದೋ ಸಣ್ಣ ಮಾತಿಗೆ, "ಪಪ್ಪ, ನೀವು ನನಗೆ ಬುದ್ಧಿ ಹೇಳ್ಬೇಡಿ, ನಿಮಗೆ ಆ ಅರ್ಹತೆ ಇಲ್ಲ" ಎಂದಳು. ಅವರು ಎದ್ದು ಅಂಗಳಕ್ಕೆ ಹೋಗಿ ನಲ್ಲಿ ಬಿಟ್ಟು ಸ್ಕೂಟರ್ ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು. ನಾನು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ಆಗಲಾದರೂ ಹೇಳಬಹುದಿತ್ತು. ಬಾಯಿ ಇತ್ತು, ಮಗಳು ಎದುರಿಗೇ ಇದ್ದಳು —

ಇನ್ನೊಂದು ಉಂಟು. ಅದನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ.

ಒಂದು ಭಾನುವಾರ ಅಯ್ಯನವರ ಪ್ರಸಂಗಕ್ಕೆ ಮೊದಲಿನ ಹಾಡಿನ ಹೊತ್ತಿಗೆ ನನಗೆ ಕೆಮ್ಮು ಹತ್ತಿ ಹೊರಗೆ ಬಂದೆ. ನಲ್ಲಿಯ ಕಡೆ ಹೋಗುವಾಗ ಕೇಳಿಸಿತು. ಒಳಗೆ ಇಡೀ ಸಭೆ ಹಾಡುತ್ತಿತ್ತು. ಹೊರಗೆ ಜಯಕರ ಸ್ಕೂಟರಿನ ಮೇಲೆ ಕೂತು, ಕಣ್ಣು ಮುಚ್ಚಿ, ಬಾಸ್ ಹಾಡುತ್ತಿದ್ದರು. ತಮ್ಮ ಭಾಗ ಮಾತ್ರ. ಬಾಸ್ ಒಂದನ್ನೇ ಕೇಳಿದರೆ ಅದು ಯಾವ ಹಾಡೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಒಂದೇ ಸ್ವರದಲ್ಲಿ ನಿಂತು, ಒಂದು ಮೆಟ್ಟಿಲು ಇಳಿದು, ಮತ್ತೆ ನಿಲ್ಲುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಯಾರೋ ಮುದುಕ ಗೊಣಗುತ್ತಿದ್ದಾನೆ ಎನ್ನಿಸಿರಬೇಕು. ನನಗೆ ಗೊತ್ತಿತ್ತು. ಒಳಗಿನ ಹಾಡಿಗೆ ಒಂದು ತಾಳವೂ ತಪ್ಪದೆ ಅವರು ಕೆಳಗಿನಿಂದ ಆಧಾರ ಕೊಡುತ್ತಿದ್ದರು, ಒಳಗಿದ್ದವರಿಗೆ ಕೇಳಿಸದ ಆಧಾರ. ಎಷ್ಟು ವರ್ಷಗಳಿಂದ ಹೀಗೆ ಹಾಡುತ್ತಿದ್ದರೋ.

ನಾನು ನೀರು ಕುಡಿಯಲಿಲ್ಲ. ಅವರನ್ನು ಮಾತಾಡಿಸಲೂ ಇಲ್ಲ. ಹಿಂದಿರುಗಿ ನನ್ನ ಬೆಂಚಿನಲ್ಲಿ ಕೂತೆ. ಅಂದು ಕರ್ತನ ಭೋಜನವಿತ್ತು. ರೊಟ್ಟಿ ತಗೊಂಡೆ, ಪಾತ್ರೆಗೆ ತುಟಿ ಹಚ್ಚಿದೆ, ಬಾಯಿ ಒರಸಿಕೊಂಡೆ. ಪರಿಶುದ್ಧ ಜೀವನ ಎಂದರೆ ಏನೆಂದು ಆ ದಿನ ನನಗೆ ತಿಳಿಯಿತು, ವಿಮಲಕ್ಕ. ಅದು ಹೊರಗೆ ಕೂತಿತ್ತು. ತಿಳಿದೂ ನಾನು ಒಳಗೆ ಇದ್ದೆ.

ಜಯಕರ ಸತ್ತದ್ದು ಒಂದು ಸಾಧಾರಣ ಬೆಳಿಗ್ಗೆ. ಗಂಜಿ ಬಡಿಸಿದ್ದೆ. "ಉಪ್ಪಿನಕಾಯಿ ಉಂಟಾ?" ಎಂದು ಕೇಳಿದರು. ಭರಣಿಯಿಂದ ತೆಗೆದುಕೊಂಡು ಬರುವಷ್ಟರಲ್ಲಿ ತಲೆ ಗೋಡೆಗೆ ಒರಗಿತ್ತು. ಕ್ಷಮೆ ಕೇಳಲಿಕ್ಕೆ ಎಂದು ನಾನು ಮನಸ್ಸಿನಲ್ಲಿ ಯಾವುದೋ ಒಂದು ದಿನವನ್ನು ಎತ್ತಿಟ್ಟಿದ್ದೆ. ಎತ್ತಿಟ್ಟದ್ದು ಹಾಗೆಯೇ ಉಳಿಯಿತು.

ಅಂತ್ಯಕ್ರಿಯೆಗೆ ನೀವೆಲ್ಲ ಬಂದಿರಿ. ಕ್ವಾಯರಿನವರು ತೀರಿಹೋದರೆ ಕ್ವಾಯರ್ ನಿಂತು ಹಾಡುವುದು ನಮ್ಮ ಸಭೆಯ ರೂಢಿ. ಅವರಿಗೆ ಹಾಡಲಿಲ್ಲ. ಈಗಿನ ಅಯ್ಯನವರು ತಂದೆಯ ಮನೆ ಬಿಟ್ಟುಹೋದ ಮಗನ ಬೈಬಲಿನ ಸಾಮ್ಯಕತೆಯ ಮೇಲೆ ಪ್ರಸಂಗ ಮಾಡಿದರು. ಅವರು ಹೊಸಬರು, ನೀವು ಹೇಳಿದ್ದನ್ನು ನಂಬಿದರು. ನೀವು ನಾನು ಹೇಳಿದ್ದನ್ನು ನಂಬಿದವರು. ಮಣ್ಣು ಹಾಕಿ ಬರುವಾಗ ನಿಮ್ಮಲ್ಲಿ ಒಬ್ಬರು ನನ್ನ ಕೈ ಹಿಡಿದು, "ಕೊನೆಗಾದ್ರೂ ಕರ್ತನ ಕಡೆ ತಿರುಗಿದ್ರಾ?" ಎಂದು ಕೇಳಿದಿರಿ. ಆ ಕೈಯನ್ನು ಕಚ್ಚಬೇಕೆನ್ನಿಸಿತು. ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟೆ. ನಿಮಗೆ ಬೇಕಾದದ್ದು ಅದೇ ಆಗಿತ್ತು, ನನಗೂ ಅದೇ ಅಭ್ಯಾಸವಾಗಿತ್ತು.

ಗೋರಿದೊಡ್ಡಿಯ ಗೇಟಿನ ಹೊರಗೆ ಉಮೇಶಣ್ಣ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಚೌತಿಯ ತಟ್ಟೆಯ ನಂತರ ಅವರು ನನ್ನ ಜೊತೆ ಮಾತಾಡಿದ್ದೇ ಇಲ್ಲ. ಎಲ್ಲರೂ ಮುಂದೆ ಹೋದ ಮೇಲೆ ಹತ್ತಿರ ಬಂದರು.

"ಅಕ್ಕ, ಅವನು ನನ್ನ ಹತ್ತಿರ ಹೇಳ್ಲಿಲ್ಲ" ಎಂದರು. "ಆದ್ರೆ ನಾನು ಚಹಾ ಕುಡಿದು ಬರುವಾಗ ಇಲ್ಲ ಅಂದವನು ಬಾ ಹೋಗುವಾ ಅಂದದ್ದು ಹೇಗೆ? ನನಗೆ ಎಂತ ತಲೆ ಇಲ್ವಾ? ಇಷ್ಟು ವರ್ಷ ಬಾಯಿ ಮುಚ್ಚಿ ಕೂತೆ. ಅವನು ಕೂತಿದ್ದ, ಹಾಗಾಗಿ ನಾನೂ ಕೂತೆ."

ಅವರು ಗೇಟಿನೊಳಗಿನ ಹೊಸ ಮಣ್ಣಿನ ಕಡೆ ನೋಡಿದರು.

"ನಮ್ಮ ಅಜ್ಜ ಕೇಳಿದ್ದು ಒಂದು ಚಕ್ಕುಲಿ. ನಿಮ್ಮ ದೇವರಿಗೆ ಇಡೀ ಮನುಷ್ಯನೇ ಬೇಕಾಯ್ತಲ್ಲ ಅಕ್ಕ?"

"ದೇವರಿಗಲ್ಲ ಉಮೇಶಣ್ಣ" ಎಂದೆ. "ನನಗೆ."

ನನ್ನ ಬಾಯಿಂದ ಬಂದ ಮೊದಲ ನಿಜವಾದ ಸಾಕ್ಷಿ ಅದು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡದಿದ್ದದ್ದು ಒಳ್ಳೆಯದಾಯಿತು. ಟವೆಲಿನಿಂದ ಮುಖ ಒರಸಿಕೊಂಡು ಹಂಪನಕಟ್ಟೆಯ ಬಸ್ಸು ಹತ್ತಿ ಹೋದರು.

ಹೋದ ವಾರ ಶಾಲಿನಿಯನ್ನು ಕರೆಸಿ ಅವಳಿಗೆ ಹೇಳಿದೆ. ಗಂಡನ ಮನೆ ಕಂಕನಾಡಿಯಲ್ಲಿ, ದೂರವೇನಲ್ಲ. ಮೆಟ್ಟಿಲಿನ ತಿರುವಿನಿಂದ ಶುರು ಮಾಡಿ ಒಂದನ್ನೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ನನಗೆ ಒಂದು ಮಾತು ಬೈಯುತ್ತಾಳೆ ಎಂದು ಕಾದೆ. ಅದೂ ನನ್ನ ಆಸೆಯೇ ಆಗಿತ್ತು.

"ನಾನು ಪಪ್ಪನಿಗೆ ಅರ್ಹತೆ ಇಲ್ಲ ಅಂದದ್ದು ನಿಮಗೆ ನೆನಪುಂಟಾ?" ಎಂದು ಕೇಳಿದಳು.

"ಉಂಟು."

"ಆಗ ನೀವು ಅಲ್ಲೇ ಇದ್ರಿ."

"ಇದ್ದೆ."

ಎದ್ದು ನಿಂತು ಸ್ಕೂಟರಿನ ಕೀ ಎಲ್ಲಿದೆ ಎಂದು ಕೇಳಿದಳು. ಕೊಟ್ಟೆ. ಅಪ್ಪನ ಹೆಲ್ಮೆಟನ್ನು ತಲೆಗೆ ಹಾಕಿಕೊಂಡಳು. ಅದು ಅವಳಿಗೆ ದೊಡ್ಡದು, ಕಣ್ಣಿನವರೆಗೆ ಇಳಿಯುತ್ತದೆ. ಸ್ಕೂಟರ್ ತೆಗೆದುಕೊಂಡು ಹೋದಳು. ಅಂದಿನಿಂದ ಅವಳ ಫೋನು ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಅವಳನ್ನು ತಿರುಗಿಸು ಎಂದು ನಾನು ದೇವರನ್ನು ಕೇಳುತ್ತಿಲ್ಲ. ಬೇರೆಯವರನ್ನು ತಿರುಗಿಸಲಿಕ್ಕೆ ನಾನು ಮಾಡಿದ ಪ್ರಾರ್ಥನೆಗಳು ಸಾಕು.

ಹುಡುಗಿಯರಿಗೆ ಏನಾದರೂ ಹೇಳಿ ಎಂದಿರಿ. ಬಳೆ ತೆಗೆಯುವುದು ಸುಲಭ, ಮಕ್ಕಳೇ. ಹೂವು ಬಿಡುವುದು ಸುಲಭ. ಇನ್ನೊಬ್ಬರ ದೇವರ ತಿಂಡಿಯನ್ನು ಬುಟ್ಟಿಗೆ ಸುರಿಯುವುದಂತೂ ಬಹಳ ಸುಲಭ, ತಿರುಗಿ ನೋಡಿದವಳ ಮುಖ ಮರೆತರೆ ಆಯಿತು. ದೇವರ ಹತ್ತು ಆಜ್ಞೆಗಳಲ್ಲಿ ಅನ್ಯದೇವರು ಬೇಡವೆನ್ನುವ ಒಂದನ್ನು ಕೋಲಾಗಿ ಹಿಡಿದು ನಾನು ಗಂಡನನ್ನು ಹೊಡೆದೆ. ಸುಳ್ಳುಸಾಕ್ಷಿ ಹೇಳಬೇಡವೆಂಬ ಆಜ್ಞೆಯೂ ಅದೇ ಕಲ್ಲಿನ ಹಲಗೆಗಳಲ್ಲಿ ಕೆತ್ತಿತ್ತು. ನನ್ನ ಮನೆಯಲ್ಲಿ ಒಬ್ಬರು ಪರಿಶುದ್ಧರಾಗಿ ಬಾಳಿದರು. ಅವರಿಗೆ ನೀವು ರೊಟ್ಟಿ ಕೊಡಲಿಲ್ಲ. ನನಗೆ ಕೊಟ್ಟಿರಿ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಇಷ್ಟು ಜನರಲ್ಲಿ ಒಬ್ಬರಾದರೂ ಆ ಮರದ ಕೆಳಗೆ ಹೋಗಿ, ಜಯಕರಣ್ಣ, ನಿಜವಾಗಿ ಏನಾಯಿತು ಎಂದು ಕೇಳಲಿಲ್ಲ. ಆದರೆ ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಹೇಳಬೇಕಾದವಳು ಒಳಗೆ, ಮೂರನೆಯ ಬೆಂಚಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ನಿಮ್ಮ ತಪ್ಪು ನನ್ನ ತಪ್ಪನ್ನು ಒಂದು ಎಳ್ಳಿನಷ್ಟೂ ಕಡಿಮೆ ಮಾಡುವುದಿಲ್ಲ.

ಬರಹವನ್ನು ಒಂದು ಸಣ್ಣ ಪ್ರಾರ್ಥನೆಯಿಂದ ಮುಗಿಸಿ ಎಂದು ಹೊರಡುವಾಗ ಹೇಳಿದಿರಿ, ವಿಮಲಕ್ಕ. ಮಾಡುವುದಿಲ್ಲ. ನೀವು ಇದನ್ನು ಅಚ್ಚು ಹಾಕಿದರೂ ಸರಿ, ಹರಿದು ಒಲೆಗೆ ಹಾಕಿದರೂ ಸರಿ, ಬರುವ ಕರ್ತನ ಭೋಜನದ ಭಾನುವಾರ ನಾನು ಬಸ್ಸಿನಲ್ಲಿ ಬರುತ್ತೇನೆ. ರೊಟ್ಟಿಗಾಗಿ ಅಲ್ಲ. ಜಯಕರ ನಿಲ್ಲಬೇಕೆಂದು ನೀವು ಹೇಳಿದ ಜಾಗ, ಪೀಠದ ಕೆಳಗೆ, ಇಷ್ಟು ವರ್ಷವೂ ಖಾಲಿ ಇದೆ. ಅಲ್ಲಿ ನಿಲ್ಲಬೇಕಾದವಳು ಯಾರೆಂದು ಈಗ ನಿಮಗೆ ಗೊತ್ತಾಯಿತು. ನಿಂತು, ಮೆಟ್ಟಿಲಿನ ತಿರುವಿನಲ್ಲಿ ನಾನು ಆಡಿದ ಮಾತುಗಳನ್ನು ಆಡಿದ ಹಾಗೆಯೇ, ತುಳುವಿನಲ್ಲಿ ಹೇಳುತ್ತೇನೆ. ಆಮೇಲೆ ಹೊರಗೆ ಹೋಗಿ ಬಾದಾಮಿ ಮರದ ಕೆಳಗೆ ಕೂರುತ್ತೇನೆ, ಆ ಭಾನುವಾರವೂ, ಮುಂದಿನ ಭಾನುವಾರಗಳಲ್ಲೂ.

ನಾನು ಮಾತಾಡುವಾಗ ದಯವಿಟ್ಟು ಯಾರೂ ಕಣ್ಣು ಮುಚ್ಚಬೇಡಿ.